ಹಿತ್ತಿಲಿನ ಬಾತುಕೋಳಿ: ಸಾಕುವವರಿಗೆ ನಮ್ಮ ಎರಡು ಮಾತು

(ಹತ್ತನೆಯ ತರಗತಿಯ ನಾಲ್ವರು ವಿದ್ಯಾರ್ಥಿಗಳು)

ಬಾತುಕೋಳಿಯ ವಿಷಯದಲ್ಲಿ ನಮ್ಮ ಊರಿನಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. "ಅದಕ್ಕೇನು ದೊಡ್ಡ ಆರೈಕೆ? ನೀರು ಕಂಡರೆ ಸಾಕು, ತನ್ನಷ್ಟಕ್ಕೇ ಬೆಳೆಯುತ್ತದೆ" ಎನ್ನುವವರು ಒಂದು ಕಡೆ. "ಅದೊಂದು ಕೊಳಕು ಹಕ್ಕಿ. ಅಂಗಳವನ್ನೆಲ್ಲ ಕೆಸರು ಮಾಡುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಬೊಬ್ಬೆ ಹಾಕುತ್ತದೆ" ಎನ್ನುವವರು ಇನ್ನೊಂದು ಕಡೆ. ಕಳೆದ ಒಂದೂವರೆ ವರ್ಷದಿಂದ ನಾವು ನಾಲ್ವರು ಸೇರಿ ಒಂದು ಹಿತ್ತಿಲಿನಲ್ಲಿ ಬಾತುಕೋಳಿಗಳನ್ನು ಸಾಕಿ ನೋಡಿದ್ದೇವೆ. ನಮಗೆ ಈ ಎರಡು ಅಭಿಪ್ರಾಯಗಳೂ ಸರಿಯೆಂದು ತೋರುವುದಿಲ್ಲ. ಮೊದಲನೆಯ ತಪ್ಪಿನಿಂದಲೇ ಎರಡನೆಯದು ಹುಟ್ಟುತ್ತದೆ ಎಂಬುದು ನಮ್ಮ ಅನುಭವ. ಆರೈಕೆ ಬೇಡವೆಂದು ಭಾವಿಸಿ ತಂದ ಹಕ್ಕಿ ಕೊಳಕಾಗುತ್ತದೆ. ಕೊಳಕಾದ ಮೇಲೆ ಎಲ್ಲರ ಬೈಗುಳಕ್ಕೆ ಗುರಿಯಾಗುತ್ತದೆ.

ಈ ಲೇಖನವನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಪೇಟೆಯಲ್ಲಿ 'ತಾರಾವು' ಎಂದರೆ ಎಲ್ಲರಿಗೂ ತಿಳಿಯುತ್ತದೆ. 'ಬಾತುಕೋಳಿ' ಎಂಬುದು ನಮ್ಮ ಪುಸ್ತಕದಲ್ಲಿರುವ ಹೆಸರು. ಸಾಕಣೆಯ ಬಗ್ಗೆ ನಮಗೆ ದೊರೆತ ಕರಪತ್ರ ಮಲಯಾಳದಲ್ಲಿತ್ತು. ಮಲಯಾಳ ಮಾತನಾಡಲು ಬಲ್ಲೆವಾದರೂ ಸರಾಗವಾಗಿ ಓದಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ನಮ್ಮಲ್ಲೊಬ್ಬನ ಅಮ್ಮ ಅದನ್ನು ಓದಿ ಅರ್ಥ ಹೇಳಿದರು. ಆದರೆ ಅದು ನಮ್ಮ ಕೈಗೆ ಬರುವ ಹೊತ್ತಿಗೆ ನಾವು ಮಾಡಬಾರದ ತಪ್ಪನ್ನು ಮಾಡಿ ಆಗಿತ್ತು. ಆ ತಪ್ಪನ್ನು ನಮ್ಮ ಶಾಲೆಯ ಇನ್ನೊಬ್ಬರು ಮಾಡಬಾರದೆಂಬ ಆಸೆಯಿಂದ ಇದನ್ನು ಕನ್ನಡದಲ್ಲಿ ಬರೆದಿದ್ದೇವೆ.

ಎಂಟನೆಯ ತರಗತಿಯ ಪರೀಕ್ಷೆ ಮುಗಿದು ರಜೆ ಆರಂಭವಾದ ದಿನಗಳು. ವಿಷುವಿನ ಮುನ್ನಾ ದಿನ ಗೂಡ್ಸ್ ರಿಕ್ಷಾದಲ್ಲಿ ಬಾತುಮರಿಗಳನ್ನು ಮಾರಿಕೊಂಡು ಒಬ್ಬರು ಬಂದರು. ಹಳದಿ ಹತ್ತಿಯ ಉಂಡೆಗಳಂತಿದ್ದ ಮರಿಗಳನ್ನು ಕಂಡು ನಮಗೆ ತಡೆಯಲಾಗಲಿಲ್ಲ. ಇದ್ದ ಚಿಲ್ಲರೆ ಹಣವನ್ನೆಲ್ಲ ಒಟ್ಟುಗೂಡಿಸಿ ಹನ್ನೆರಡು ಮರಿಗಳನ್ನು ಕೊಂಡೆವು. ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ "ಒಂದು ವಾರ" ಎಂದರು. ಏನು ತಿನ್ನಿಸಬೇಕು, ರಾತ್ರಿ ಎಲ್ಲಿಡಬೇಕು ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನೀರಿನ ಹಕ್ಕಿಯಲ್ಲವೇ ಎಂದುಕೊಂಡು ನೇರವಾಗಿ ತೋಟದ ಕೆರೆಗೆ ಕೊಂಡುಹೋಗಿ ಬಿಟ್ಟೆವು. ಅವು ಈಜಿದವು. ನಾವು ದಡದಲ್ಲಿ ನಿಂತು ಚಪ್ಪಾಳೆ ತಟ್ಟಿದೆವು.

ನಮ್ಮ ಕಡೆಯ ಕೆರೆಗಳನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮುರಕಲ್ಲನ್ನು ಕಡಿದು ಮಾಡಿದ ಕೆರೆಯ ಬದಿಗಳು ಗೋಡೆಯಂತೆ ನೇರವಾಗಿರುತ್ತವೆ. ದೊಡ್ಡ ಹಕ್ಕಿಗೇ ಹತ್ತಿ ಬರಲು ಕಷ್ಟ, ಮರಿಗಳ ಗತಿಯೇನು? ಅರ್ಧ ಗಂಟೆಯಲ್ಲಿ ಅವುಗಳ ಮೈ ತೊಯ್ದು ತೊಪ್ಪೆಯಾಯಿತು. ಬುಟ್ಟಿ ಇಳಿಸಿ ಒಂದೊಂದನ್ನೇ ಮೇಲಕ್ಕೆ ತೆಗೆಯುವಾಗ ಎಲ್ಲವೂ ನಡುಗುತ್ತಿದ್ದವು. ಸಂಜೆ ಗುಡುಗಿನೊಂದಿಗೆ ಮಳೆ ಬಂದು ಗಾಳಿ ತಂಪಾಯಿತು. ಮರಿಗಳನ್ನು ಹಟ್ಟಿಯ ಮೂಲೆಯಲ್ಲಿ ಒಂದು ಬುಟ್ಟಿಯಲ್ಲಿಟ್ಟು ನಾವು ಮನೆಗಳಿಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಐದು ಮರಿಗಳು ಸತ್ತಿದ್ದವು. ಉಳಿದ ಏಳನ್ನು ಆ ಮನೆಯ ಅಜ್ಜಿ ರಾತ್ರಿಯೇ ಅಡುಗೆಮನೆಗೆ ತಂದು ಹಳೆಯ ಸೀರೆಯಲ್ಲಿ ಸುತ್ತಿ ಒಲೆಯ ಬಳಿ ಇಟ್ಟಿದ್ದರು. ಅವರು ನಮ್ಮನ್ನು ಬೈಯಲಿಲ್ಲ. "ಕೋಳಿಮರಿಯನ್ನಾದರೆ ಮಳೆಗೆ ಬಿಡ್ತಿದ್ರಾ ಮಕ್ಕಳೇ? ಇದೂ ಮರಿಯೇ ಅಲ್ವಾ?" ಎಂದು ಕೇಳಿದರು. ಅಷ್ಟೇ. ಐದು ಮರಿಗಳನ್ನು ಹಲಸಿನ ಮರದ ಬುಡದಲ್ಲಿ ಹೂಳುವಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಇದರ ಕಾರಣವನ್ನು ಪಶು ಆಸ್ಪತ್ರೆಯ ಡಾಕ್ಟರು ಅನಂತರ ನಮಗೆ ಬಿಡಿಸಿ ಹೇಳಿದರು. ಬಾತುಕೋಳಿಯ ಬಾಲದ ಬುಡದಲ್ಲಿ ಎಣ್ಣೆ ಸೂಸುವ ಒಂದು ಗ್ರಂಥಿಯಿದೆ. ಹಕ್ಕಿ ಆ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ಮೈಗೆಲ್ಲ ಸವರಿಕೊಳ್ಳುತ್ತದೆ. ಗರಿ ನೀರು ಹೀರದಿರುವುದಕ್ಕೆ ಗರಿಗಳ ಹೆಣಿಗೆಯೂ ಈ ಆರೈಕೆಯೂ ಕಾರಣ. ಎಳೆಯ ಮರಿಯ ಮೈಯಲ್ಲಿರುವುದು ಗರಿಯಲ್ಲ, ಬರೇ ತುಪ್ಪಳ. ತಾಯಿಯ ರೆಕ್ಕೆಯಡಿ ಬೆಳೆಯುವ ಮರಿಗೆ ತಾಯಿಯ ಮೈಯೆಣ್ಣೆಯೂ ಬಿಸಿಯೂ ದೊರೆಯುತ್ತವೆ. ಯಂತ್ರದಲ್ಲಿ ಒಡೆದು ಬಂದ ಮರಿಗೆ ಇವೆರಡೂ ಇಲ್ಲ. ಆದುದರಿಂದ ಗರಿ ಮೂಡುವವರೆಗೆ, ಅಂದರೆ ಮೊದಲ ಮೂರು ನಾಲ್ಕು ವಾರ, ಅದಕ್ಕೆ ಈಜುವ ನೀರು ಬೇಡ. ಕುಡಿಯುವ ನೀರು ಮಾತ್ರ ಯಾವಾಗಲೂ ಇರಬೇಕು. ಅದೂ ಕೊಕ್ಕು ಮತ್ತು ಮೂಗಿನ ತೂತು ಮುಳುಗುವಷ್ಟು ಆಳ ಇರಬೇಕು. ಇಲ್ಲವಾದರೆ ಕಣ್ಣಿಗೂ ಮೂಗಿಗೂ ತೌಡು ಮೆತ್ತಿಕೊಂಡು ರೋಗ ಬರುತ್ತದೆ. ಆದರೆ ಮರಿ ಒಳಗಿಳಿದು ತೊಯ್ಯುವಂತಿರಬಾರದು. ನಾವು ಅಗಲ ಬಾಯಿಯ ಒಂದು ಪಾತ್ರೆಯ ನಡುವೆ ದೊಡ್ಡ ಕಲ್ಲನ್ನಿಟ್ಟು ಸುತ್ತಲೂ ಕೊಕ್ಕು ಹಾಕುವಷ್ಟೇ ಜಾಗ ಬಿಟ್ಟೆವು.

ಬಿಸಿಯ ವಿಷಯವೂ ಹಾಗೆಯೇ. ಮೊದಲ ವಾರ ಮರಿಗಳಿಗೆ ಸುಮಾರು 32 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮತ್ತೆ ವಾರಕ್ಕೆ 3 ಡಿಗ್ರಿಯಂತೆ ಕಡಿಮೆ ಮಾಡುತ್ತಾ ಬರಬಹುದು. ನಮ್ಮಲ್ಲಿ ಉಷ್ಣಮಾಪಕವಿರಲಿಲ್ಲ. ಮರಿಗಳನ್ನೇ ನೋಡಿ ತಿಳಿದುಕೊಂಡೆವು. ಬಲ್ಬಿನ ಅಡಿಯಲ್ಲಿ ಒಂದರ ಮೇಲೊಂದು ಬಿದ್ದು ಚೀರಿದರೆ ಚಳಿ. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಅಲ್ಲಲ್ಲಿ ಚದುರಿ ಮಲಗಿದ್ದರೆ ಸರಿಯಾಗಿದೆಯೆಂದು ಅರ್ಥ. ಕರೆಂಟು ಹೋದ ರಾತ್ರಿಗಳಲ್ಲಿ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗಿಟ್ಟು, ಆರಿದಾಗ ಬದಲಿಸಿದೆವು. ಆ ರಾತ್ರಿಗಳಲ್ಲಿ ನಾವು ಸರದಿಯಂತೆ ಎದ್ದಿರಬೇಕಾಯಿತು. ಪರೀಕ್ಷೆಗೆ ಓದಲೂ ನಾವು ಅಷ್ಟು ನಿದ್ದೆಗೆಟ್ಟದ್ದಿಲ್ಲ.

ತಿಂಡಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳನ್ನು ಮುಖ್ಯವಾಗಿ ಹೇಳಬೇಕು. ಒಂದನೆಯದಾಗಿ, ಬರೇ ಅನ್ನ ಹಾಕಿ ಬಾತುಮರಿಯನ್ನು ಬೆಳೆಸಲಾಗದು. ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ ಕೋಳಿಮರಿಗಿಂತ ಬಾತುಮರಿಗೆ ಹೆಚ್ಚು ಬೇಕು. ಅದು ಕಡಿಮೆಯಾದರೆ ಕಾಲುಗಳು ಬಲ ಕಳೆದುಕೊಂಡು ಸೊಟ್ಟಗಾಗುತ್ತವೆ. ಅಕ್ಕಿಯ ನುಚ್ಚಿನೊಂದಿಗೆ ತೌಡು, ಸ್ವಲ್ಪ ಮೀನಿನ ಹುಡಿ, ಹೆಚ್ಚಿದ ಸೊಪ್ಪು ಸೇರಿಸಿ ನೀರಿನಲ್ಲಿ ಕಲಸಿ ಕೊಡಬೇಕು. ಒಣ ಹುಡಿ ಅದರ ಗಂಟಲಲ್ಲಿ ಸುಲಭವಾಗಿ ಇಳಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಕೋಳಿಮರಿಯ ತಿಂಡಿಗೆ ಔಷಧಿ ಬೆರೆಸಿರುವುದುಂಟು. ಅದನ್ನು ಕೊಡುವ ಮೊದಲು ಪಶುವೈದ್ಯರಲ್ಲಿ ಕೇಳುವುದು ಒಳ್ಳೆಯದು. ಎರಡನೆಯದಾಗಿ, ಬೂಸ್ಟು ಹಿಡಿದ ಯಾವುದನ್ನೂ ಕೊಡಬಾರದು. ಬೂಸ್ಟಿನಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ತಾಳಿಕೊಳ್ಳುವ ಶಕ್ತಿ ಬಾತುಕೋಳಿಗೆ ಬಹಳ ಕಡಿಮೆ. ನಮ್ಮ ಮಳೆಗಾಲದಲ್ಲಿ ನೆಲಗಡಲೆ ಹಿಂಡಿಗೂ ಜೋಳಕ್ಕೂ ಬೂಸ್ಟು ಬರಲು ನಾಲ್ಕು ದಿನ ಸಾಕು. "ಮನುಷ್ಯರು ತಿನ್ನದ್ದನ್ನು ತಾರಾವಿಗೆ ಹಾಕಿ" ಎಂಬ ಮಾತನ್ನು ದಯವಿಟ್ಟು ಕೇಳಬೇಡಿ.

ಈಗ ಎರಡನೆಯ ಅಭಿಪ್ರಾಯಕ್ಕೆ ಬರೋಣ. ಬಾತುಕೋಳಿ ಕೊಳಕು ಹಕ್ಕಿಯೇ? ಅದು ನೀರನ್ನು ಕಲಕುತ್ತದೆ, ಒದ್ದೆ ಹಿಕ್ಕೆ ಹಾಕುತ್ತದೆ ಎಂಬುದೇನೋ ನಿಜ. ನಮ್ಮ ಹಕ್ಕಿಗಳು ದೊಡ್ಡದಾದ ಮೇಲೆ ಕೆರೆಗೆ ಇಳಿದಾಗ ಅಜ್ಜಿಗೆ ಬೇಸರವಾಯಿತು. ಮನೆಗೆ ಕುಡಿಯುವ ನೀರು ಸುರಂಗದಿಂದ ಬರುತ್ತದೆ. ಗುಡ್ಡೆಯ ಹೊಟ್ಟೆಯಿಂದ ಹರಿದು ಬಂದ ಆ ನೀರು ಒಂದು ಸಣ್ಣ ಟಾಂಕಿಯಲ್ಲಿ ತುಂಬಿ, ಹೆಚ್ಚಾದದ್ದು ಕೆರೆಗೆ ಬೀಳುತ್ತದೆ. "ಕೆರೆಗೆ ಬಿಡಿ ಬೇಕಾದರೆ, ಟಾಂಕಿಯ ಹತ್ತಿರ ಒಂದು ಗರಿ ಕಂಡರೂ ಎಲ್ಲವನ್ನೂ ಮಾರಿಬಿಡುತ್ತೇನೆ" ಎಂದು ಅಜ್ಜಿ ಖಂಡಿತವಾಗಿ ಹೇಳಿದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕುಡಿಯುವ ನೀರಿಗೂ ಬಾತುಕೋಳಿಗೂ ನಡುವೆ ಬೇಲಿ ಇರಲೇಬೇಕು. ನಾವು ಅಡಿಕೆ ಸಲಕೆಗಳಿಂದ ಟಾಂಕಿಯ ಸುತ್ತ ಬೇಲಿ ಕಟ್ಟಿದೆವು.

ಬೇಸಿಗೆಯಲ್ಲಿ ಕೆರೆಯ ನೀರು ತಳ ಸೇರಿದಾಗ ಇನ್ನೊಂದು ಪಾಠವಾಯಿತು. ಬಾತುಕೋಳಿಯನ್ನು ಆರೋಗ್ಯವಾಗಿಡಲು ಕೆರೆಯೇ ಬೇಕೆಂದಿಲ್ಲ. ತಲೆಯನ್ನು ಪೂರ್ತಿ ಮುಳುಗಿಸಿ ತೊಳೆದುಕೊಳ್ಳುವಷ್ಟು ನೀರು ದಿನಾಲೂ ಸಿಕ್ಕಿದರೆ ಸಾಕು. ಅರ್ಧಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮನ್ನು ನೆಲದಲ್ಲಿ ಹೂತು ಅದರಲ್ಲಿ ನೀರು ತುಂಬಿದೆವು. ಬೆಳಿಗ್ಗೆಯೂ ಸಂಜೆಯೂ ಆ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ ಹೊಸ ನೀರು ಹಾಕಿದೆವು. ಹಿಕ್ಕೆ ಬೆರೆತ ನೀರು ಒಂದೇ ಕಡೆ ನಿಂತರೆ ನಾರುತ್ತದೆ, ಬುಡದಿಂದ ಬುಡಕ್ಕೆ ಬದಲಿಸಿ ಹಾಕಿದರೆ ಗೊಬ್ಬರವಾಗುತ್ತದೆ. ಈ ಎರಡು ಕೊಡ ನೀರು ಹೊರುವ ಕೆಲಸ ತಪ್ಪಿದ ದಿನಗಳಲ್ಲಿ ಮಾತ್ರ ನೆರೆಮನೆಯವರಿಂದ ದೂರು ಬಂದಿದೆ. ದೂರು ಬಂದದ್ದು ನಮ್ಮ ಸೋಮಾರಿತನದ ಮೇಲೆ. ಹೆಸರು ಕೆಟ್ಟದ್ದು ಹಕ್ಕಿಯದು.

ತೋಟಕ್ಕೆ ಅದರಿಂದ ಆಗುವ ಉಪಕಾರವನ್ನೂ ಹೇಳಬೇಕಲ್ಲ! ಮಳೆಗಾಲದಲ್ಲಿ ನಮ್ಮ ಹಿತ್ತಿಲಿನ ಹರಿವೆ, ಬೆಂಡೆ, ಬಾಳೆಗಳಿಗೆ ಬಸವನಹುಳುಗಳ ಕಾಟ ಬಹಳ. ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬಾತುಕೋಳಿ ನುಂಗಲಾರದು. ಅದರ ಸಣ್ಣ ಮರಿಗಳನ್ನು ಮಾತ್ರ ಕಣಿಯ ಬದಿಯಲ್ಲಿ ಹುಡುಕಿ ಹುಡುಕಿ ತಿನ್ನುತ್ತದೆ. ಕೋಳಿಯಂತೆ ಕಾಲಿನಿಂದ ಕೆದರಿ ಗಿಡದ ಬುಡವನ್ನು ಬಿಡಿಸುವುದಿಲ್ಲ. ಆದರೆ ಎಳೆಯ ಸೊಪ್ಪು ಕಂಡರೆ ಬಿಡುವುದೂ ಇಲ್ಲ. ಒಂದು ದಿನ ಬಸಳೆ ಚಪ್ಪರದ ಕೆಳಗಿನ ಎಲೆಗಳೆಲ್ಲ ಮಾಯವಾಗಿ, ಆ ಮನೆಯ ಅಮ್ಮ ಎರಡು ದಿನ ನಮ್ಮೊಂದಿಗೆ ಮಾತು ಬಿಟ್ಟಿದ್ದರು. ತರಕಾರಿ ಏಳುವವರೆಗೆ ಬಲೆ ಕಟ್ಟಬೇಕು, ಎದ್ದ ಮೇಲೆ ಹಕ್ಕಿಗಳನ್ನು ಒಳಗೆ ಬಿಡಬೇಕು ಎಂಬುದನ್ನು ಹೀಗೆ ಕಲಿತೆವು.

ಹುಳ ಹುಪ್ಪಟೆಯನ್ನೆಲ್ಲ ತಿನ್ನುವ ಈ ಹಕ್ಕಿಗೆ, ನಾವು ತೋಟದಲ್ಲಿ ಏನು ಸುರಿಯುತ್ತೇವೋ ಅದೆಲ್ಲ ಹೊಟ್ಟೆಗೆ ಹೋಗುತ್ತದೆ. ಅಡಿಕೆಗೆ ಬೋರ್ಡೋ ಮದ್ದು ಬಿಡುವ ದಿನಗಳಲ್ಲಿ ನಾವು ಅವುಗಳನ್ನು ಗೂಡಿನಿಂದ ಹೊರಗೆ ಬಿಡುವುದಿಲ್ಲ. ಒಂದು ಒಳ್ಳೆಯ ಮಳೆ ಬಂದು ತೊಳೆದುಹೋದ ಮೇಲೆಯೇ ತೋಟಕ್ಕೆ ಬಿಡುತ್ತೇವೆ. ಹುಲ್ಲು ಸಾಯಿಸುವ ಮದ್ದನ್ನೂ ಬಸವನಹುಳುವಿಗೆ ಇಡುವ ವಿಷವನ್ನೂ ಆ ಹಿತ್ತಿಲಿನಲ್ಲಿ ಪೂರ್ತಿ ನಿಲ್ಲಿಸಬೇಕಾಯಿತು. ಮನೆಯ ಯಜಮಾನರು ಮೊದಲು ಒಪ್ಪಲಿಲ್ಲ. "ನಾಲ್ಕು ಹಕ್ಕಿಗಾಗಿ ಒಂದು ತೋಟದ ಕೆಲಸ ನಿಲ್ಲಿಸಬೇಕೇ?" ಎಂದು ಕೇಳಿದರು. ಅವರಿಗೆ ಉತ್ತರ ಕೊಟ್ಟದ್ದು ನಾವಲ್ಲ, ಅಜ್ಜಿ. "ತಾರಾವು ತಿಂದು ಸಾಯುವಂಥದ್ದನ್ನು ಮಕ್ಕಳು ಆಡುವ ಜಾಗದಲ್ಲಿ ಹಾಕುವುದು ಯಾಕೆ?" ಎಂದರು.

ಈ ಮಾತಿನ ಭಾರ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ತಿಳಿದಿರಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡೆಯ ಮೇಲೆ ಬಿದ್ದದ್ದು ತೋಡಿಗೂ ಕೆರೆಗೂ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂತಹ ಊರುಗಳ ಹೆಸರು ದೇಶಕ್ಕೆಲ್ಲ ತಿಳಿದದ್ದು ಈ ದುಃಖದಿಂದ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷದ ತಯಾರಿ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ನಾವು ಅದರ ಅನಂತರ ಹುಟ್ಟಿ ಬೆಳೆದವರು. ಆ ದಿನಗಳನ್ನು ಕಂಡವರಲ್ಲ. ಆದರೂ ಹೆಲಿಕಾಪ್ಟರು ನಿಂತಿತೆಂದು ಕೈಯಲ್ಲಿ ಹಿಡಿದ ಪಂಪಿನ ಬಗ್ಗೆ ಯೋಚಿಸದಿರಬಹುದೇ? ಹಿತ್ತಿಲಿನಲ್ಲಿ ನಾಲ್ಕು ಬಾತುಕೋಳಿಗಳಿದ್ದರೆ, ವಿಷದ ಡಬ್ಬಿ ತೆರೆಯುವ ಮೊದಲು ಮನೆಯವರು ಒಮ್ಮೆ ನಿಂತು ಯೋಚಿಸುತ್ತಾರೆ. ಮೊಟ್ಟೆಗಿಂತ ಇದೇ ದೊಡ್ಡ ಲಾಭವೆಂದು ನಮ್ಮ ಅಭಿಪ್ರಾಯ.

ಎಷ್ಟು ಹಕ್ಕಿಗಳನ್ನು ಸಾಕಬೇಕು ಎಂಬ ಪ್ರಶ್ನೆಗೆ ನಮ್ಮ ಉತ್ತರ: ಆಸೆಪಟ್ಟದ್ದಕ್ಕಿಂತ ಕಡಿಮೆ. ಕುಟ್ಟನಾಡಿನಲ್ಲಿ ಸಾವಿರಗಟ್ಟಲೆ ಹಕ್ಕಿಗಳ ಹಿಂಡನ್ನು ಸಾಕುತ್ತಾರೆ. ಚಾರ, ಚೆಂಬಲ್ಲಿ ಎಂಬ ಅಲ್ಲಿಯ ತಳಿಗಳು ಹೆಸರಾದವು. ಅಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಉದುರಿದ ಭತ್ತ, ಹುಳ, ಸಣ್ಣ ಮೀನು ಎಲ್ಲವೂ ಇವೆ; ಒಂದು ಗದ್ದೆ ಮುಗಿದರೆ ಹಿಂಡು ಇನ್ನೊಂದಕ್ಕೆ ಹೋಗುತ್ತದೆ. ನಮ್ಮದು ಇಳಿಜಾರಿನ ತೋಟ. ಗದ್ದೆಗಳು ಹೆಚ್ಚಿನವು ಅಡಿಕೆ ತೋಟಗಳಾಗಿವೆ. ಕುಟ್ಟನಾಡಿನ ಲೆಕ್ಕ ಇಲ್ಲಿ ಹೊಂದದು. ಒಂದು ಮನೆಗೆ ನಾಲ್ಕರಿಂದ ಆರು ಹಕ್ಕಿ ಸಾಕು. ರಾತ್ರಿಗೆ ಒಂದಕ್ಕೆ ಸುಮಾರು 3 ಚದರಡಿಯಂತೆ ಒಣ ನೆಲದ ಗೂಡು ಬೇಕು. ಕೋಳಿಯಂತೆ ಅದು ಕೋಲಿನ ಮೇಲೆ ಕೂರುವುದಿಲ್ಲ. ಬಾಗಿಲಿಗೆ ಭದ್ರವಾದ ಕೊಂಡಿ ಬೇಕು. ಒಂದು ರಾತ್ರಿ ಕೊಂಡಿ ಹಾಕಲು ಮರೆತು ಕಾಡುಬೆಕ್ಕಿಗೆ ಒಂದು ಹಕ್ಕಿಯನ್ನು ಕೊಟ್ಟೆವು. ಏಳು ಇದ್ದದ್ದು ಆರಾಯಿತು.

ಆ ಆರರಲ್ಲಿ ನಾಲ್ಕು ಹೆಣ್ಣು, ಎರಡು ಗಂಡು. ಎರಡು ತಿಂಗಳು ಕಳೆದಾಗ ಸ್ವರದಿಂದಲೇ ಗುರುತು ಸಿಕ್ಕಿತು: ಗಟ್ಟಿಯಾಗಿ 'ಕ್ವಾಕ್' ಎನ್ನುವುದು ಹೆಣ್ಣು, ಗಂಟಲು ಕಟ್ಟಿದವನಂತೆ ಪಿಸುಗುಟ್ಟುವುದು ಗಂಡು. ಮುಂದೆ ಗಂಡಿನ ಬಾಲದ ಮೇಲೆ ಸುರುಳಿ ಗರಿ ಬರುತ್ತದೆ. ಆರು ಏಳು ಹೆಣ್ಣಿಗೆ ಒಂದು ಗಂಡು ಸಾಕು. ಹೆಚ್ಚಾದರೆ ಹೆಣ್ಣುಗಳ ಕತ್ತಿನ ಗರಿ ಕಿತ್ತು ಗಾಯ ಮಾಡುತ್ತವೆ. ಆದುದರಿಂದ ಒಂದು ಗಂಡನ್ನು ಬೇರೆ ಮನೆಗೆ ಕೊಟ್ಟೆವು. ಅದು ಅಲ್ಲಿ ಸಾಕುವುದಕ್ಕೋ ಸಾರಿಗೋ ಎಂದು ನಾವು ಕೇಳಲಿಲ್ಲ. ಈಗ ಯೋಚಿಸಿದರೆ ಕೇಳಬೇಕಾಗಿತ್ತು ಅನ್ನಿಸುತ್ತದೆ. ಮರಿ ಕೊಳ್ಳುವವರು ಮೊದಲ ದಿನವೇ ಈ ಪ್ರಶ್ನೆಗೆ ಮನೆಯವರೊಂದಿಗೆ ಕುಳಿತು ಉತ್ತರ ಕಂಡುಕೊಳ್ಳಬೇಕು. ತಿನ್ನುವ ಮನೆಯವರಾಗಲಿ ತಿನ್ನದ ಮನೆಯವರಾಗಲಿ, ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡು ಎಂಬ ಲೆಕ್ಕದಿಂದ ತಪ್ಪಿಸಿಕೊಳ್ಳಲಾಗದು.

ಮೊಟ್ಟೆ ಆರಂಭವಾದದ್ದು ಆರು ತಿಂಗಳಾಗುವ ಹೊತ್ತಿಗೆ. ಬಾತುಕೋಳಿ ಹೆಚ್ಚಾಗಿ ಬೆಳಗಿನ ಜಾವದಲ್ಲಿ ಮೊಟ್ಟೆಯಿಡುತ್ತದೆ. ಒಂಬತ್ತು ಗಂಟೆಗೆ ಮೊದಲು ಗೂಡು ತೆರೆದರೆ ಮೊಟ್ಟೆ ತೋಡಿನ ಪಾಲು. ನೆಲದಲ್ಲೇ ಇಡುವುದರಿಂದ ಮೊಟ್ಟೆಗೆ ಕೆಸರು ತಾಗುವುದು ಸಹಜ. ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಬಾತು ಪ್ಲೇಗಿಗೆ ಲಸಿಕೆಯಿದೆ; ಎರಡು ತಿಂಗಳಾಗುತ್ತಲೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಹಕ್ಕಿಜ್ವರದ ವಿಷಯವನ್ನಂತೂ ಯಾರೂ ಹಗುರವಾಗಿ ಕಾಣಬಾರದು. 2014ರಲ್ಲಿಯೂ 2021ರಲ್ಲಿಯೂ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಸಾವಿರಾರು ಬಾತುಕೋಳಿಗಳನ್ನು ಕೊಲ್ಲಬೇಕಾಯಿತು. ಹಕ್ಕಿಗಳು ಒಟ್ಟೊಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಗುಟ್ಟಾಗಿ ಹೂಳದೆ ಪಶುವೈದ್ಯರಿಗೆ ತಿಳಿಸಬೇಕು. ನಮ್ಮ ಹಿತ್ತಿಲು ನಮ್ಮದಾದರೂ ಅಲ್ಲಿಯ ರೋಗ ನಮ್ಮದೊಂದೇ ಅಲ್ಲ.

ಕೊನೆಯದಾಗಿ ಒಂದು ಸಂತೋಷದ ಸುದ್ದಿ. ಕಳೆದ ಡಿಸೆಂಬರಿನಲ್ಲಿ ಕಾವಿಗೆ ಕೂತ ಒಂದು ಊರ ಹೇಂಟೆಯ ಅಡಿಯಲ್ಲಿ ಒಂಬತ್ತು ಬಾತುಮೊಟ್ಟೆಗಳನ್ನಿಟ್ಟೆವು. ಕೋಳಿಮೊಟ್ಟೆಗೆ 21 ದಿನವಾದರೆ ಬಾತುಮೊಟ್ಟೆಗೆ 28 ದಿನ. ಪಾಪ, ಆ ಹೇಂಟೆ ಒಂದು ವಾರ ಹೆಚ್ಚು ಕೂತಿತು. ಆರು ಮರಿಗಳು ಹೊರಬಂದವು. ಹುಟ್ಟಿದ ಕೂಡಲೇ ಕಂಡವರ ಹಿಂದೆ ಮರಿಗಳು ಹೋಗುವ ಗುಣವನ್ನು ಅಭ್ಯಾಸ ಮಾಡಿದ ಕೊನ್ರಾಡ್ ಲೊರೆನ್ಸ್ ಎಂಬ ವಿಜ್ಞಾನಿಗೆ 1973ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಬಂದಿತ್ತೆಂದು ವಿಜ್ಞಾನದ ಟೀಚರು ತಿಳಿಸಿದರು. ನಮ್ಮ ಮರಿಗಳೂ ಹೇಂಟೆಯನ್ನೇ ತಾಯಿಯೆಂದು ನಂಬಿ ಸಾಲಾಗಿ ನಡೆದವು. ನಾಲ್ಕು ವಾರ ಅವುಗಳನ್ನು ಕೆರೆಯ ಹತ್ತಿರ ಬಿಡಲಿಲ್ಲ. ಐದನೆಯ ವಾರ, ಹತ್ತಿ ಬರಲು ಹಲಗೆಯೊಂದನ್ನು ಓರೆಯಾಗಿ ಕಟ್ಟಿ, ಬಿಸಿಲೇರಿದ ಮೇಲೆ ನೀರಿಗೆ ಬಿಟ್ಟೆವು. ಹೇಂಟೆ ದಡದಲ್ಲಿ ಅತ್ತಿತ್ತ ಓಡುತ್ತಾ ಕೂಗಿದ ಕೂಗು ಈಗಲೂ ನಮ್ಮ ಕಿವಿಯಲ್ಲಿದೆ. ಮರಿಗಳು ಒಂದು ಸುತ್ತು ಈಜಿ, ಹಲಗೆಯ ಮೇಲೆ ಹತ್ತಿ ಅದರ ಬಳಿಗೆ ಬಂದವು. ಮೈ ಕೊಡಹಿದಾಗ ನೀರೆಲ್ಲ ಹನಿಹನಿಯಾಗಿ ಉದುರಿಹೋಯಿತು. ಆರಕ್ಕೆ ಆರೂ ಉಳಿದವು.

ಈ ಆರಕ್ಕೂ ಹಿಂದಿನ ಐದಕ್ಕೂ ನಡುವೆ ಇದ್ದ ವ್ಯತ್ಯಾಸ ಹಣದ್ದಲ್ಲ, ಪ್ರೀತಿಯದೂ ಅಲ್ಲ. ಮೊದಲ ದಿನವೂ ನಮಗೆ ಮರಿಗಳ ಮೇಲೆ ಪ್ರೀತಿ ಇದ್ದೇ ಇತ್ತು, ತಿಳುವಳಿಕೆ ಇರಲಿಲ್ಲ. ಆದುದರಿಂದ ನಮ್ಮ ಶಾಲೆಯ ಹಿರಿಯರಲ್ಲಿ ಒಂದು ವಿನಂತಿ. ಶಾಲೆಯ ತರಕಾರಿ ತೋಟದ ಮೂಲೆಯಲ್ಲಿ ನಾಲ್ಕು ಬಾತುಕೋಳಿಗಳಿಗೆ ಜಾಗ ಕೊಡಿ. ನೀರು ಬದಲಿಸುವ, ಗೂಡು ಮುಚ್ಚುವ ಕೆಲಸವನ್ನು ರಜಾದಿನಗಳಲ್ಲಿ ಕೂಡಾ ಸರದಿಯಂತೆ ಮಾಡಲು ನಾವು ಸಿದ್ಧರಿದ್ದೇವೆ. ಸಹಪಾಠಿಗಳಲ್ಲಿಯೂ ಒಂದು ಮಾತು. ಮುಂದಿನ ವಿಷುವಿಗೂ ಆ ಗೂಡ್ಸ್ ರಿಕ್ಷಾ ಬರಬಹುದು. ಮರಿಗಳು ಅಷ್ಟೇ ಚೆಂದವಾಗಿರುತ್ತವೆ. ಮೊದಲು ಗೂಡು ಕಟ್ಟಿ, ಬಲ್ಬು ಹಾಕಿ, ಮನೆಯ ಅಜ್ಜಿಯಲ್ಲಿ ಒಮ್ಮೆ ಕೇಳಿ. ಆಮೇಲೆ ಮರಿಗಳನ್ನು ಕೊಳ್ಳಿ.